ಚರ್ಚಿನಿಂದ ಹೊಳೆಯ ತನಕ

ನಾನು ಇಂಗ್ಲೆಂಡಿಗೆ ಹೋಗಿಲ್ಲ. ಆದರೂ ಆ ದೇಶದ ಒಂದು ಸಣ್ಣ ಹಳ್ಳಿಯ ಯಾವ ಬೇಲಿ ಯಾವ ಗದ್ದೆಯ ಅಂಚಿನಲ್ಲಿ ತಿರುಗುತ್ತದೆ, ಯಾವ ಮನೆಯ ಬೆನ್ನಿಗೆ ಒರತೆಯಿದೆ ಎಂಬುದನ್ನೆಲ್ಲ ಕಣ್ಣು ಮುಚ್ಚಿ ಹೇಳಬಲ್ಲೆ. ಕುವೈತಿನ ಅಬು ಹಲೀಫಾದ ಮೂರನೆಯ ಮಹಡಿಯಲ್ಲಿ, ಸಮುದ್ರ ಕಾಣಿಸದ ಬದಿಯ ಮನೆಯೊಂದರಲ್ಲಿ ಕುಳಿತವನು ಹೀಗೆ ಬರೆದರೆ ಬಡಾಯಿ ಎನಿಸಬಹುದು. ಆ ಹಳ್ಳಿಯ ನಕ್ಷೆಯನ್ನು ಮೂವತ್ತೇಳು ಮೂವತ್ತೆಂಟು ವರ್ಷಗಳ ಹಿಂದೆ ಗೆರೆಗೆರೆಯಾಗಿ ನಕಲು ಮಾಡಿದವನು ನಾನು. ಆ ಗೆರೆಗಳ ಬಗ್ಗೆ ಈ ವರ್ಷ ಒಂದು ಪತ್ರ ಬರೆಯಬೇಕಾಗಿ ಬಂತು. ಬರೆದು ತಿಂಗಳುಗಳಾದರೂ ಮನಸ್ಸು ಸ್ವಸ್ಥವಾಗಿಲ್ಲ.

ನನ್ನ ಶಾಲೆ ಕರಾವಳಿಯ ಊರಿನಲ್ಲಿ ಏಳನೆಯ ತರಗತಿಗೆ ಮುಗಿಯಿತು. ಕುವೈತಿಗೆ ಬಂದದ್ದು ಸರ್ವೇ ತಂಡದಲ್ಲಿ ಅಳತೆಯ ಸರಪಳಿ ಹಿಡಿಯುವವನಾಗಿ. ಮರಳಿನಲ್ಲಿ ಎರಡು ಬೇಸಿಗೆ ಕಳೆದ ಮೇಲೆ, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ನಕ್ಷೆಯ ಕೋಣೆಗೆ ತಂದು ಕೂರಿಸಿದರು. ಅಲ್ಲಿ, ಮೂಲದ ಮೇಲೆ ಪಾರದರ್ಶಕ ಹಾಳೆ ಹಾಸಿ ಗೆರೆ ಇಳಿಸುವ ಟ್ರೇಸಿಂಗ್ ಕಲಿತೆ. ನಕ್ಷೆಗಳ ಅಂಚಿನ ಬರಹದಿಂದ ಇಂಗ್ಲಿಷ್ ಕಲಿತೆ. ಕೆಲಸ ಬಿಟ್ಟು ಹೋಗುವ ಸಾಹೇಬರುಗಳು ಕೋಣೆಯಲ್ಲಿ ಬಿಟ್ಟುಹೋದ ಪುಸ್ತಕಗಳನ್ನು ಓದಿ ಉಳಿದದ್ದನ್ನು ಕಲಿತೆ. ಗುರುವಿಲ್ಲದೆ ಓದಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ವಿಷಯ ಓದಿದರೂ, ಬರೆದವನು ಇದನ್ನು ಕಂಡಿದ್ದನೇ, ಕಂಡವರಿಂದ ಕೇಳಿದ್ದನೇ, ಅಥವಾ ಇನ್ನೊಬ್ಬ ಬರೆದದ್ದನ್ನು ಇವನೂ ಬರೆದನೇ ಎಂದು ನಾನು ಕೇಳಿಕೊಳ್ಳದೆ ಬಿಟ್ಟವನಲ್ಲ. ಈ ಚಟದಿಂದ ಸ್ನೇಹಿತರನ್ನು ಕಳೆದುಕೊಂಡಿದ್ದೇನೆ. ಹೆಮ್ಮೆಯನ್ನು ಮಾತ್ರ ಕಳೆದುಕೊಂಡಿರಲಿಲ್ಲ.

ನಕ್ಷೆಯ ಕೋಣೆಯ ಮುಖ್ಯಸ್ಥರು ಇಂಗ್ಲೆಂಡಿನವರು. ಐವತ್ತು ದಾಟಿದ, ಮೆಲ್ಲಗೆ ಮಾತನಾಡುವ ಮನುಷ್ಯ. ಇರಾಕಿನ ಆಕ್ರಮಣಕ್ಕೆ ಮೂರು ವರ್ಷ ಮೊದಲು ಅವರು ರಜೆ ಮುಗಿಸಿ ಬರುವಾಗ ಒಂದು ಹಾಳೆಯನ್ನು ತಂದಿದ್ದರು. ಅವರ ತಂದೆ ಹಳ್ಳಿಯ ಶಾಲೆಯ ಮೇಷ್ಟರಾಗಿದ್ದಾಗ ತಾವೇ ಅಳೆದು ಬರೆದ ಊರಿನ ನಕ್ಷೆ ಅದು. ಮಡಿಕೆಗಳಲ್ಲಿ ಹರಿದು, ಮುಟ್ಟಿದರೆ ಪುಡಿಯಾಗುವಂತಿತ್ತು. "ಇದು ಹೋಗುವ ಮೊದಲು ಟ್ರೇಸಿಂಗ್ ಫಿಲ್ಮಿನ ಮೇಲೆ ಇಳಿಸಿಕೊಡುತ್ತೀಯಾ?" ಎಂದು ಕೇಳಿದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಹದಿನೈದು ದಿನಗಳಲ್ಲಿ, ಅದನ್ನು ಇಳಿಸಿದೆ. ನಾನು ಗೆರೆ ಎಳೆಯುತ್ತಿದ್ದಾಗ ಅವರು ಸ್ಯಾಂಡ್‌ವಿಚ್ ಹಿಡಿದುಕೊಂಡು ಪಕ್ಕದಲ್ಲಿ ನಿಂತು ಊರಿನ ಕಥೆ ಹೇಳುತ್ತಿದ್ದರು.

ಊರು ಒಂದು ಸುಣ್ಣಕಲ್ಲಿನ ದಿಣ್ಣೆಯ ಬುಡದಲ್ಲಿದೆ. ಪೂರ್ವಕ್ಕೆ ಎತ್ತರದಲ್ಲಿ ಚರ್ಚು ಮತ್ತು ಅದರ ಸ್ಮಶಾನ. ಸುತ್ತ ಒಂದೂ ಮನೆಯಿಲ್ಲ. ನಡುವೆ ತಗ್ಗಿನ ಹುಲ್ಲುಗದ್ದೆ, ಗದ್ದೆಯ ಕೊನೆಯಲ್ಲಿ ಒಂದು ಸಣ್ಣ ಹೊಳೆ. ಹೊಳೆಯ ಪಶ್ಚಿಮಕ್ಕೆ, ದಿಣ್ಣೆಯಿಂದ ನೀರು ಒಸರುವ ಸಾಲಿನಲ್ಲಿ, ನಲವತ್ತರಷ್ಟು ಮನೆಗಳು, ಶಾಲೆ, ಹಾಳುಬಿದ್ದ ಗಿರಣಿ. ಒಂಟಿ ಚರ್ಚಿಗೆ ಊರಿನವರು ಕೊಡುವ ಕಾರಣ ಹೀಗಿತ್ತು: ಹಿಂದೊಂದು ಕಾಲದಲ್ಲಿ ಮನೆಗಳೆಲ್ಲ ಚರ್ಚಿನ ಸುತ್ತಲೇ ಇದ್ದವು, ಮಹಾಮಾರಿ ಬಂದು ಊರು ಸತ್ತಿತು, ಉಳಿದವರು ಹೊಳೆ ದಾಟಿ ಹೊಸ ಊರು ಕಟ್ಟಿಕೊಂಡರು.

ನಾನು ಒಪ್ಪಲಿಲ್ಲ. ನಮ್ಮ ಕಡೆ ನೆಲವನ್ನು ಬೈಲು, ಮಜಲು, ಬೆಟ್ಟು ಎಂದು ನೀರಿನ ಲೆಕ್ಕದಲ್ಲಿ ವಿಂಗಡಿಸುತ್ತಾರೆ. ತಗ್ಗಿನ ಬೈಲಿನಲ್ಲಿ ನೀರು ನಿಲ್ಲುತ್ತದೆ, ಮೇಲಿನ ಬೆಟ್ಟಿನಲ್ಲಿ ನೀರೇ ಇಲ್ಲ, ನಡುವಿನ ಮಜಲಿನ ಅಂಚಿನಲ್ಲಿ ಮನೆ. ಆ ನಕ್ಷೆಯಲ್ಲಿ ಚರ್ಚು ಇದ್ದದ್ದು ಬೆಟ್ಟಿನಲ್ಲಿ. ಬಾವಿಯ ಗುರುತು ಸಹ ಇಲ್ಲದ ಎತ್ತರದಲ್ಲಿ ಯಾರು ಒಲೆ ಹೂಡುತ್ತಾರೆ?

"ಮನೆಗಳು ಮೊದಲಿನಿಂದಲೂ ಒರತೆಯ ಸಾಲಿನಲ್ಲೇ ಇದ್ದವು ಸಾಹೇಬರೇ. ಮಹಾಮಾರಿಯನ್ನು ಯಾರೋ ಆಮೇಲೆ ಸೇರಿಸಿದ್ದಾರೆ," ಎಂದೆ.

"ನೀನು ಆ ಊರಿನ ಮಳೆಯನ್ನೇ ನೋಡಿಲ್ಲವಲ್ಲ ಮಾರಾಯ," ಎಂದು ಅವರು ನಕ್ಕರು. 'ಮಾರಾಯ' ಎಂಬ ಮಾತನ್ನು ನನ್ನಿಂದಲೇ ಕಲಿತು ನನ್ನ ಮೇಲೇ ಪ್ರಯೋಗಿಸುತ್ತಿದ್ದರು.

"ಮಹಾಮಾರಿಯನ್ನು ನೀವೂ ನೋಡಿಲ್ಲ."

"ಅದೂ ನಿಜ. ಖಲಾಸ್. ಕೆಲಸ ಮಾಡು."

ಫಿಲ್ಮಿನ ಕೆಲಸ ಮುಗಿದ ವಾರವೇ ಇರಬೇಕು, ಅವರು ಇನ್ನೊಂದು ಸಂಗತಿ ಹೇಳಿದರು. ಅವರಿಗೆ ಐದು ವರ್ಷವಾಗಿದ್ದಾಗ ಅಜ್ಜಿ ತೀರಿಕೊಂಡಳಂತೆ. ಶವಪೆಟ್ಟಿಗೆಯ ಹಿಂದೆ ತಂದೆಯ ಹೆಗಲ ಮೇಲೆ ಕುಳಿತು ಹೋದದ್ದು ನೆನಪಿದೆಯಂತೆ. ಒಂದು ಕಡೆ ತಂದೆಯ ಕಾಲಡಿಯ ಹಲಗೆ ಅದುರಿತು, ಕೆಳಗೆ ನೋಡಿದರೆ ನೀರು. ತಂದೆಯ ಕೂದಲನ್ನು ಗಟ್ಟಿಯಾಗಿ ಹಿಡಿದುಕೊಂಡೆ ಎಂದರು. ಮರುವರ್ಷ ತಂದೆಗೆ ವರ್ಗವಾಗಿ ಕುಟುಂಬ ಊರು ಬಿಟ್ಟಿತು.

ನಾನು ಬೋರ್ಡಿನ ಮೇಲಿದ್ದ ನನ್ನ ಫಿಲ್ಮನ್ನು ತೋರಿಸಿದೆ. "ಹಲಗೆ ಎಲ್ಲಿದೆ? ಗದ್ದೆಯಲ್ಲಿ ದಾರಿಯೇ ಇಲ್ಲ. ಶವವನ್ನು ರಸ್ತೆಯಲ್ಲಿ ಸುತ್ತುಬಳಸಿ ಒಯ್ದಿರಬೇಕು. ನಿಮ್ಮ ತಂದೆಯೇ ಅಳೆದ ನಕ್ಷೆ. ಐದು ವರ್ಷದ ಮಗುವಿನ ನೆನಪು ದೊಡ್ಡದೋ, ಮೇಷ್ಟರ ಅಳತೆ ದೊಡ್ಡದೋ?"

ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಮೂಲದ ಹಾಳೆ ಎರಡು ಮಾರು ದೂರದ ಡ್ರಾಯರಿನಲ್ಲಿತ್ತು. ತೆಗೆದು ನೋಡೋಣ ಎಂದು ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. "ಹಾಗಾದರೆ ಅದು ಕನಸಿರಬೇಕು," ಎಂದು ತಮ್ಮ ಮೇಜಿಗೆ ಹೋದರು. ಅಂದು ಸಂಜೆ ನಾನು ಗೆದ್ದವನ ಗತ್ತಿನಲ್ಲಿ ಮನೆಗೆ ಬಂದಿದ್ದೆ ಎಂಬುದು ಸ್ಪಷ್ಟವಾಗಿ ನೆನಪಿದೆ.

ತೊಂಬತ್ತರ ಜುಲೈಯಲ್ಲಿ ಅವರು ರಜೆಗೆ ಹೋಗುವಾಗ ಫಿಲ್ಮನ್ನು ಸುರುಳಿ ಸುತ್ತಿ ಒಯ್ದರು. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ನಮ್ಮ ಕಚೇರಿಯಲ್ಲಿ ಕಾಗದವೆಂಬುದೇ ಉಳಿಯಲಿಲ್ಲ. ಮೇಷ್ಟರ ಹಾಳೆಯೂ ಅದರಲ್ಲಿ ಹೋಯಿತು. ನಾನು, ನನ್ನ ಹೆಂಡತಿ, ಒಂದೂವರೆ ವರ್ಷದ ಮಗಳು ಬಸ್ಸಿನಲ್ಲಿ ಜೋರ್ಡಾನಿನ ಅಮ್ಮಾನ್ ತನಕ ಹೋಗಿ ವಿಮಾನ ಹತ್ತಿದೆವು. ಆ ಪ್ರಯಾಣವನ್ನು ಊರಿನಲ್ಲಿ ನನ್ನೆದುರೇ ನನಗಿಂತ ಚೆನ್ನಾಗಿ ವರ್ಣಿಸುವವರನ್ನು ಕಂಡಿದ್ದೇನೆ. ಅವರಲ್ಲಿ ಕೆಲವರು ಆಗ ಊರಿನಿಂದ ಆಚೆ ಕಾಲಿಟ್ಟವರೇ ಅಲ್ಲ. ನಾನು ಹೊತ್ತು ತಂದದ್ದು ಪೆನ್ನುಗಳ ಪೆಟ್ಟಿಗೆ ಮತ್ತು ಕೆಲಸದ ಟಿಪ್ಪಣಿ ಪುಸ್ತಕಗಳು. ಹೆಂಡತಿಯ ಹೊಲಿಗೆ ಯಂತ್ರ ಅಲ್ಲೇ ಉಳಿಯಿತು. ಈ ಎರಡು ವಾಕ್ಯಗಳನ್ನು ಅವಳು ಇಂದಿಗೂ ಒಟ್ಟಿಗೇ ಹೇಳುತ್ತಾಳೆ.

ಮರುವರ್ಷ ನಾನು ಕುವೈತಿಗೆ ಮರಳಿದೆ, ಅವರು ಮರಳಲಿಲ್ಲ. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. ನಿವೃತ್ತರಾದ ಮೇಲೆ ಹುಟ್ಟೂರಿನಲ್ಲೇ ಸಣ್ಣ ಮನೆ ಮಾಡಿದ್ದೇನೆ, ಊರಿನ ಚರಿತ್ರೆ ಬರೆಯುತ್ತಿದ್ದೇನೆ ಎಂದು ಒಂದರಲ್ಲಿ ಬರೆದಿದ್ದರು. ಎರಡು ವರ್ಷಗಳ ಹಿಂದೆ ಕಾರ್ಡು ನಿಂತಿತು.

ಈ ಫೆಬ್ರವರಿಯಲ್ಲಿ ಅವರ ಮಗಳಿಂದ ಒಂದು ಪೊಟ್ಟಣ ಬಂತು. ಒಳಗೆ, ತೀರಿಕೊಂಡ ತಂದೆಯ ಪುಸ್ತಕ, ಜೊತೆಗೆ ಒಂದು ಪತ್ರ. ಅರವತ್ತು ಪುಟದ ತೆಳು ಪುಸ್ತಕ. ನಡುವಿನ ಎರಡು ಪುಟಗಳಿಗೆ ಹರಡಿಕೊಂಡು ನನ್ನ ನಕ್ಷೆ. ನನ್ನ ಕೈಯ ಗೆರೆಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಹುಲ್ಲುಗದ್ದೆಯ ಮೇಲೆ ಬೆರಳಿಟ್ಟು ಹೆಂಡತಿಯನ್ನು ಕರೆದೆ.

"ನೋಡು, ಅಚ್ಚಾಗಿದೆ."

"ಒಳ್ಳೆದಾಯ್ತು. ನನ್ನ ಮೆಷಿನ್ ಕೂಡ ಅಚ್ಚಾಗಿದಾ ನೋಡಿ," ಎಂದಳು.

ಪುಸ್ತಕವನ್ನು ಒಂದೇ ಪಟ್ಟಿನಲ್ಲಿ ಕುಳಿತು ಓದಿದೆ. ಮಹಾಮಾರಿ ಅಲ್ಲೇ ಇತ್ತು, ಮೊದಲಿಗಿಂತ ಬಲವಾಗಿ. ಚರ್ಚಿಗೂ ಮನೆಗಳಿಗೂ ನಡುವೆ ಹಳೆಯ ದಾರಿಯ ಗುರುತೇ ಇಲ್ಲದಿರುವುದು ಊರು ಅವಸರದಲ್ಲಿ ಸ್ಥಳ ಬಿಟ್ಟಿತೆಂಬುದಕ್ಕೆ ಸಾಕ್ಷಿ ಎಂದು ಬರೆದಿದ್ದರು. ಈಗ ಗದ್ದೆಯಲ್ಲಿ ಜನ ನಡೆಯುವುದು ಇತ್ತೀಚಿನ ಅಡ್ಡದಾರಿ ಮಾತ್ರ ಎಂದೂ ಇತ್ತು. ಅದರ ಕೆಳಗೆ, ತಮ್ಮ ಬಾಲ್ಯದಲ್ಲಿ ಹೊಳೆ ದಾಟಿದಂತೆ ನೆನಪಿತ್ತೆಂದೂ, ಕುವೈತಿನ ಒಬ್ಬ ಜಾಗರೂಕ ಗೆಳೆಯ ನಕ್ಷೆಯನ್ನು ಮುಂದಿಟ್ಟು ಆ ಭ್ರಮೆಯನ್ನು ಬಿಡಿಸಿದನೆಂದೂ ಕೃತಜ್ಞತೆಯಿಂದ ಬರೆದಿದ್ದರು. ನಾನು ಒಪ್ಪದೆ ಜಗಳವಾಡಿದ ಮಹಾಮಾರಿಯ ಕಥೆಗೆ, ದಾರಿಯಿಲ್ಲವೆಂಬ ನನ್ನ ವಾದವೇ ಆಧಾರಗಂಬವಾಗಿತ್ತು.

ಅವರ ಮಗಳ ಪತ್ರ ವಿನಯದಿಂದ ಕೂಡಿತ್ತು. ಆ ಹುಲ್ಲುಗದ್ದೆಯನ್ನು ಹೊಸಬರೊಬ್ಬರು ಕೊಂಡು ಸುತ್ತ ತಂತಿಬೇಲಿ ಹಾಕಿದ್ದಾರೆ. ಹಳ್ಳಿಯ ಒಬ್ಬ ವೃದ್ಧೆ ಪ್ರತಿ ಭಾನುವಾರ ಆ ಗದ್ದೆ ದಾಟಿ ಗಂಡನ ಸಮಾಧಿಗೆ ಹೋಗುತ್ತಿದ್ದವಳು. ಈಗ ರಸ್ತೆಯಲ್ಲಿ ಸುತ್ತಿ ಹೋಗಬೇಕು, ಅಷ್ಟು ದೂರ ನಡೆಯಲು ಅವಳಿಂದಾಗದು. ಅಲ್ಲಿ ಹಿಂದಿನಿಂದಲೂ ದಾರಿಯಿತ್ತು, ನಮ್ಮ ಹಿರಿಯರ ಶವಗಳೆಲ್ಲ ಅಲ್ಲೇ ಹೋದವು ಎಂದು ಅವಳು ದೂರು ಕೊಟ್ಟಿದ್ದಾಳೆ. ಗದ್ದೆಯ ಒಡೆಯರು ಈ ಪುಸ್ತಕದ ನಕ್ಷೆಯನ್ನು ಮುಂದಿಟ್ಟಿದ್ದಾರೆ. ವಿಚಾರಣೆಯ ಅಧಿಕಾರಿ ನಕ್ಷೆ ಮೂಲಕ್ಕೆ ನಿಷ್ಠವೇ ಎಂದು ಕೇಳಿದ್ದಾರೆ. ನನ್ನ ತಂದೆಯ ಪುಸ್ತಕವನ್ನು ಆ ಹೆಂಗಸು ಸುಳ್ಳೆಂದು ಕರೆಯುತ್ತಿದ್ದಾಳೆ. ಮೂಲವನ್ನು ಕಂಡವರಲ್ಲಿ ಬದುಕಿರುವವರು ನೀವೊಬ್ಬರೇ. ಇದು ಯಥಾವತ್ ನಕಲು ಎಂದು ನಾಲ್ಕು ಸಾಲು ಬರೆದು ಕೊಡುತ್ತೀರಾ? ಇಷ್ಟೇ ಅವಳು ಕೇಳಿದ್ದು.

ನಾಲ್ಕು ಸಾಲು ಬರೆಯಲು ಕುಳಿತೆ. 'ಯಥಾವತ್' ಎಂದು ಬರೆಯುವ ಮೊದಲು ಹಳೆಯ ಚಟ ಎದ್ದಿತು: ಬರೆಯುವವನು ಕಂಡಿದ್ದನೇ? ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಎಳೆದೆ.

"ಎಂತ ಹುಡುಕುದು? ಅದನ್ನು ತೆಗೀಬೇಡಿ ಅಂತ ಎಷ್ಟು ಸಲ ಹೇಳ್ಬೇಕು? ಆ ಧೂಳಿಗೆ ನನಗೆ ಕೆಮ್ಮು ಶುರುವಾಗ್ತದೆ," ಎಂದು ಹೆಂಡತಿ ಅಡುಗೆಮನೆಯಿಂದಲೇ ಗದರಿದಳು.

ಟ್ರೇಸಿಂಗ್ ಮಾಡುವವನು ಮೂಲದಲ್ಲಿದ್ದ ಏನನ್ನಾದರೂ ಬಿಟ್ಟರೆ ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಬೇಕೆಂಬುದು ನಮ್ಮ ಕೋಣೆಯ ನಿಯಮವಾಗಿತ್ತು. ಎಂಬತ್ತೇಳರ ಪುಸ್ತಕ ಸಿಕ್ಕಿತು. ಹಳ್ಳಿಯ ನಕ್ಷೆಯ ಪುಟದಲ್ಲಿ ಅಳತೆಗಳು, ಪೆನ್ನಿನ ದಪ್ಪ, ಕೊನೆಯಲ್ಲಿ ಕನ್ನಡದಲ್ಲಿ ಒಂದು ಸಾಲು: "ಬಿಟ್ಟದ್ದು: ತುಂಡುಗೆರೆ ಒಂದು, ಚರ್ಚಿನಿಂದ ಹೊಳೆಯ ತನಕ. ಹಳೆಯ ಪೈಪ್ ಇರಬೇಕು."

ಎಣ್ಣೆಯ ದೇಶದ ನಕ್ಷೆಯ ಕೋಣೆಯಲ್ಲಿ ಕುಳಿತವನಿಗೆ ಮಾತ್ರ ಸಾಧ್ಯವಾಗುವ ತಪ್ಪು ಅದು. ನಮ್ಮಲ್ಲಿ ಹೀಗೆ ಬಿಟ್ಟುಬಿಟ್ಟು ಎಳೆದ ತುಂಡುಗೆರೆಯೆಂದರೆ ಉಪಯೋಗ ನಿಂತು ಮಣ್ಣಿನಲ್ಲೇ ಬಿಟ್ಟ ಪೈಪ್‌ಲೈನು. ಸ್ವಚ್ಛ ಪ್ರತಿ ತೆಗೆಯುವಾಗ ಸತ್ತ ಪೈಪುಗಳನ್ನು ಕೈಬಿಡುವುದು ದಿನನಿತ್ಯದ ಕೆಲಸ. ಕೈ ಅದನ್ನು ತಾನಾಗಿಯೇ ಮಾಡುತ್ತಿತ್ತು. ನೂರು ಮೈಲಿ ಸುತ್ತಿನಲ್ಲಿ ಒಂದು ಹನಿ ಎಣ್ಣೆಯಿಲ್ಲದ ಇಂಗ್ಲಿಷ್ ಹುಲ್ಲುಗದ್ದೆಯಲ್ಲಿ, ಚರ್ಚಿನ ಬಾಗಿಲಿನಿಂದ ಹೊರಟ ಪೈಪು ಯಾವುದೆಂದು ನಾನು, ಎಲ್ಲವನ್ನೂ ಪ್ರಶ್ನಿಸುವ ನಾನು, ಪ್ರಶ್ನಿಸಿರಲಿಲ್ಲ. ಕಾಲುದಾರಿಯನ್ನು ಇಂಗ್ಲೆಂಡಿನವರು ತುಂಡುಗೆರೆಯಲ್ಲಿ ತೋರಿಸುತ್ತಾರೆಂದು ಎಷ್ಟೋ ವರ್ಷಗಳ ಮೇಲೆ ಬೇರೆ ನಕ್ಷೆಗಳನ್ನು ಓದಿ ತಿಳಿದುಕೊಂಡಿದ್ದೆ. ಆಗಲೂ ಈ ಗೆರೆ ನೆನಪಾಗಲಿಲ್ಲ.

ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. "ಹೊಲಿಗೆ ಮೆಷಿನ್ ಬಿಟ್ಟು ಹೊತ್ತುಕೊಂಡು ಬಂದ ಪುಸ್ತಕ. ಈಗಾದ್ರೂ ಉಪಯೋಗಕ್ಕೆ ಬಂತಾ?"

"ಬಂತು. ನನ್ನ ತಪ್ಪು ತೋರಿಸ್ಲಿಕ್ಕೆ."

ಎಂಟು ದಿನ ಏನೂ ಬರೆಯಲಿಲ್ಲ. ಕಚೇರಿಯಲ್ಲಿ ಈಗ ನನ್ನ ಕೆಲಸ ಹಳೆಯ ನಕ್ಷೆಗಳ ಕೋಣೆಯನ್ನು ನೋಡಿಕೊಳ್ಳುವುದು. ಎಂಜಿನಿಯರುಗಳು ಬಂದು, ಇದು ಸರಿಯಿದೆಯೇ ಎಂದು ಕೇಳಿದರೆ ಸರಿಯಿದೆ ಎನ್ನುವುದು. ಆ ಎಂಟು ದಿನಗಳಲ್ಲಿ ಆ ಮಾತು ಬಾಯಿಂದ ಸಲೀಸಾಗಿ ಹೊರಡಲಿಲ್ಲ. ಸುಮ್ಮನಿದ್ದರೆ ಅಧಿಕಾರಿ ತಂತಿಯನ್ನು ಉಳಿಸುತ್ತಾರೆ, ವೃದ್ಧೆ ಸುಳ್ಳುಗಾತಿಯಾಗುತ್ತಾಳೆ. ಬರೆದರೆ ನನ್ನನ್ನು ನಂಬಿ ಸತ್ತ ಮನುಷ್ಯನ ಪುಸ್ತಕದ ಬೆನ್ನು ಮುರಿಯುತ್ತದೆ, ಅದೂ ಅವರ ಮಗಳ ಕೈಯಿಂದಲೇ. ಎರಡರಲ್ಲಿ ಯಾವುದು ಸರಿಯೆಂಬ ಬಗ್ಗೆ ನನಗೆ ಸಂಶಯವಿರಲಿಲ್ಲ. ಕೈ ಏಳಲಿಲ್ಲ, ಅಷ್ಟೇ.

ಜಹ್ರಾದ ಕ್ಲಿನಿಕ್ಕೊಂದರಲ್ಲಿ ಲ್ಯಾಬಿನ ಕೆಲಸ ಮಾಡುವ ನನ್ನ ಮಗಳು ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬರುತ್ತಾಳೆ. ಮೀನಿನ ಸಾರು ಊಟ ಮಾಡಿದ ಮೇಲೆ ಅವಳ ಮುಂದೆ ಪುಸ್ತಕ, ಪತ್ರ, ಟಿಪ್ಪಣಿ ಮೂರನ್ನೂ ಇಟ್ಟೆ. ಅವಳು ಓದಿ ಲ್ಯಾಪ್‌ಟಾಪ್ ತೆರೆದಳು.

ಹೆಂಡತಿ ತಡೆದಳು. "ಯಾರದೋ ಊರು, ಯಾರದೋ ಗದ್ದೆ. ನಿಮ್ಗೆ ಎಂತ ಕೆಲಸ ಅದ್ರಲ್ಲಿ? ನಕ್ಷೆ ನೋಡ್ಲಿಕ್ಕೆ ಅಂತ ಈ ಪ್ರಾಯದಲ್ಲೂ ಇಲ್ಲಿ ಇರ್ಲಿಕ್ಕೆ ನಿಮ್ಗೆ ಇಕಾಮಾ ಮಾಡಿ ಕೊಡ್ತಾರೆ. ನಾನೇ ಗೆರೆ ಬಿಟ್ಟೆ ಅಂತ ಕಾಗದ ಬರೆದು ಊರಿಡೀ ಸಾರಿದ್ರೆ?"

"ಅಮ್ಮ, ಅದು ಇಂಗ್ಲೆಂಡಿಗೆ ಹೋಗುದು. ಇಲ್ಲಿ ಯಾರು ನೋಡ್ತಾರೆ?" ಎಂದು ಮಗಳು ನನ್ನ ಕಡೆ ತಿರುಗಿದಳು. "ಅಪ್ಪ, ಸ್ವಲ್ಪ ಸಾಫ್ಟ್ ಮಾಡುವಾ. ಒಂದು ಗೆರೆ ಬಿಟ್ಟು ಹೋಗಿರಬಹುದು ಅಂತ ಹಾಕ್ತೇನೆ."

"ಬಿಟ್ಟು ಹೋದದ್ದಲ್ಲ. ನಾನು ಬಿಟ್ಟದ್ದು."

"ಓಕೆ, ಓಕೆ. ನೀವು ಬಿಟ್ಟದ್ದು." ಟೈಪ್ ಮಾಡಿದಳು. ಟಿಪ್ಪಣಿಯ ಸಾಲನ್ನು ಇಂಗ್ಲಿಷಿಗೆ ತಿರುಗಿಸುವಾಗ ಅವಳ ಬೆರಳು ನಿಂತಿತು. "ಅಪ್ಪ, ಇದ್ರಲ್ಲಿ ಹೊಳೆಯ ತನಕ ಅಂತ ಮಾತ್ರ ಉಂಟು. ಹೊಳೆಯಿಂದ ಆಚೆ ಮನೆಗಳ ತನಕ ಗೆರೆ ಇತ್ತಾ?"

ನಾನು ಎಂಟು ದಿನಗಳಿಂದ ಹೆದರುತ್ತಿದ್ದ ಪ್ರಶ್ನೆ ಅದೇ. ಗೆರೆ ಹೊಳೆಯಲ್ಲೇ ನಿಂತಿತ್ತೇ, ದಾಟಿ ಹೋಗಿತ್ತೇ? ನೆನಪಿಲ್ಲ. ಹೊಳೆಗೆ ಬಂದು ನಿಂತ ದಾರಿಯನ್ನು ನೀರಿಗೆ ಹೋಗುವ ದಾರಿ ಎನ್ನಬಹುದು. ಊರಿನ ದಾರಿ ಎನ್ನಲು ಅದು ಸಾಲದು.

"ಅದು ಬರೆದಿಲ್ಲ," ಎಂದೆ.

ಈಗ ಹೆಂಡತಿಯೇ ಎದ್ದು ಬಂದಳು. ಅವಳು ಬೇಡವೆಂದ ಕೆಲಸ ಹೇಗೂ ಆಗುತ್ತದೆಂದು ಗೊತ್ತಾದ ಕೂಡಲೇ ಅದು ಸರಿಯಾಗಿ ಆಗಲಿ ಎಂದು ನಿಲ್ಲುವವಳು. "ಇಷ್ಟು ಬರೆದವ್ರಿಗೆ ಇನ್ನೊಂದು ಗೆರೆ ಭಾರವಾ? ದಾಟಿಸಿ ಬಿಡಿ ಮಾರಾಯ್ರೆ. ಆ ಮುದುಕಿ ಪಾಪ, ಹೊಳೆಯ ಮಧ್ಯ ನಿಂತ್ಕೊಳ್ಬೇಕಾ?"

"ಕಾಣದ್ದನ್ನು ಬರೆದ್ರೆ ಕಂಡದ್ದೂ ಸುಳ್ಳಾಗ್ತದೆ."

"ಆಗ ಕಂಡದ್ದನ್ನೇ ಬಿಟ್ಟಿರಲ್ಲ, ಅದು ಸುಳ್ಳಾಗ್ಲಿಲ್ವಾ?"

ಮಗಳು ಪರದೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ನಾನು ಬಾಲ್ಕನಿಗೆ ಹೋಗಿ, ಒಣಗಿದ ಬಟ್ಟೆಗಳ ನಡುವೆ ಎದುರಿನ ಕಟ್ಟಡದ ಎಸಿ ಪೆಟ್ಟಿಗೆಗಳನ್ನು ನೋಡುತ್ತ ನಿಂತೆ. ಹೊಳೆಯ ಆಚೆಗಿನ ಗೆರೆ ನನ್ನ ಪುಸ್ತಕದಲ್ಲಿಲ್ಲ, ನಿಜ. ಆದರೆ ಅದರ ಮೇಲೆ ಹೋದ ಒಬ್ಬರು ನನ್ನ ಪಕ್ಕದಲ್ಲಿ ನಿಂತು ಅದನ್ನು ಹೇಳಿದ್ದರು. ಹಲಗೆ ಅದುರಿತು, ಕೆಳಗೆ ನೀರಿತ್ತು ಎಂದಿದ್ದರು. ಆ ಸಾಕ್ಷಿಯನ್ನು ನಾನು ಕೇಳಿದ್ದೆ. ಕೇಳಿ, ನನ್ನ ತಪ್ಪು ನಕ್ಷೆಯನ್ನು ಹಿಡಿದು, ಅದನ್ನು ಕನಸೆಂದು ಒಪ್ಪಿಸಿದ್ದೆ.

ಒಳಗೆ ಬಂದು ಮಗಳಿಗೆ ಹೇಳಿ ಬರೆಸಿದೆ. ಪತ್ರವನ್ನು ಎರಡು ಭಾಗ ಮಾಡಿದೆವು. ಮೊದಲನೆಯದರಲ್ಲಿ ನಾನು ಮೂಲದಲ್ಲಿ ಕಂಡು ಬಿಟ್ಟದ್ದು: ಚರ್ಚಿನಿಂದ ಹೊಳೆಯ ತನಕ ಒಂದು ತುಂಡುಗೆರೆ, ಮತ್ತು ಬಿಟ್ಟದ್ದರ ಕಾರಣ. ಎರಡನೆಯದರಲ್ಲಿ ನಾನು ಕೇಳಿದ್ದು: ಐದು ವರ್ಷದ ಮಗು, ಅಜ್ಜಿಯ ಶವಪೆಟ್ಟಿಗೆ, ತಂದೆಯ ಹೆಗಲು, ಅದುರುವ ಹಲಗೆ, ನೀರು. ಅದನ್ನು ಹೇಳಿದವರು ಸುಳ್ಳು ಹೇಳುವವರಲ್ಲ, ಅವರ ನೆನಪನ್ನು ಅಲುಗಿಸಿದವನು ನಾನು, ಅಲುಗಿಸಲು ಬಳಸಿದ್ದು ಇದೇ ನಕ್ಷೆ ಎಂದು ಸೇರಿಸಿದೆ. ಹೊಳೆಯ ಪಶ್ಚಿಮಕ್ಕೆ ಗೆರೆ ಇತ್ತೆಂದು ನಾನು ಹೇಳುವುದಿಲ್ಲ ಎಂದೂ ಸ್ಪಷ್ಟವಾಗಿ ಬರೆಸಿದೆ. ಟಿಪ್ಪಣಿಯ ಪುಟದ ಪ್ರತಿಯನ್ನು ಲಗತ್ತಿಸಿ ಮರುದಿನ ಕಳುಹಿಸಿದೆವು.

ಮೂರು ವಾರ ಉತ್ತರವಿಲ್ಲ. ನಾಲ್ಕನೆಯ ವಾರ ಸಾಹೇಬರ ಮಗಳಿಂದ ಬಂದ ಉತ್ತರ ಚಿಕ್ಕದು. ನನ್ನ ಮಗಳು ಅದನ್ನು ಫೋನಿನಲ್ಲಿ ಓದಿ ಹೇಳಿದಳು. ಪತ್ರವನ್ನು ಅಧಿಕಾರಿಗೆ ಕೊಟ್ಟಿದ್ದೇನೆ; ತೀರ್ಮಾನ ಚಳಿಗಾಲದ ಮೊದಲು ಬರುವುದಿಲ್ಲ; ಅಪ್ಪನ ಪುಸ್ತಕವನ್ನು ಏನು ಮಾಡಬೇಕೆಂದು ಇನ್ನೂ ಯೋಚಿಸಿಲ್ಲ; ನಿಮ್ಮ ಮೇಲೆ ಕೋಪವಿಲ್ಲ ಎಂದು ಬರೆದರೆ ಅದು ಸತ್ಯವಾಗುವುದಿಲ್ಲ. ಕೊನೆಯಲ್ಲಿ ಒಂದು ಸಾಲು: ಆ ಹಲಗೆಯ ವಿಷಯವನ್ನು ಅಪ್ಪ ನಮ್ಮಲ್ಲಿ ಯಾರಿಗೂ ಎಂದೂ ಹೇಳಿರಲಿಲ್ಲ.

ಆ ಸಾಲನ್ನು ಇನ್ನೊಮ್ಮೆ ಓದು ಎಂದೆ. ಓದಿದಳು. ನಾನು ಕನಸೆಂದು ಒಪ್ಪಿಸಿದ ದಿನದಿಂದ ಅವರು ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಪುಸ್ತಕದಲ್ಲಿ ಒಂದು ಅರ್ಧ ವಾಕ್ಯ ಬಿಟ್ಟರೆ, ಸ್ವಂತ ಮಗಳಿಗೂ ಇಲ್ಲ. ಅಧಿಕಾರಿಯ ಮುಂದೆ ಅವರ ಪರವಾಗಿ ಈಗ ಇರುವುದು, ಕೇಳಿಯೂ ನಂಬದವನ ಮಾತು.

"ಅಪ್ಪ, ಲೈನಿನಲ್ಲಿ ಇದ್ದೀರಾ?" ಎಂದು ಮಗಳು ಕೇಳಿದಳು.

"ಇದ್ದೇನೆ."

ಫೋನು ಇಟ್ಟ ಮೇಲೆ ನನ್ನ ಪ್ರತಿಯ ನಡುವಿನ ಪುಟವನ್ನು ಬಿಡಿಸಿ, ಪೆನ್ಸಿಲಿನ ಮೊನೆ ಚೂಪು ಮಾಡಿಕೊಂಡು, ಚರ್ಚಿನ ಬಾಗಿಲಿನಿಂದ ತುಂಡುಗೆರೆಯನ್ನು ಎಳೆಯಲು ಶುರುಮಾಡಿದೆ. ತುಂಡುಗಳು ಒಂದೇ ಉದ್ದಕ್ಕೆ ಬರಲಿಲ್ಲ. ಹೊಳೆಯ ದಡಕ್ಕೆ ಬಂದು ಪೆನ್ಸಿಲನ್ನು ಎತ್ತಿದೆ. ಹೆಂಡತಿ ಚಹಾ ತಂದು ಮೇಜಿನ ಮೇಲಿಟ್ಟು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಅಲ್ಲೇ ನಿಲ್ಲಿಸಿದ್ದಾ?" ಎಂದಳು.

"ಅಲ್ಲಿ ತನಕ ನಾನು ಕಂಡದ್ದು."

ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತಳು. "ಮುಂದಿನದ್ದು ಅವ್ರು ಕಂಡದ್ದಲ್ವಾ? ಕೆಳಗೆ ಅವ್ರ ಮಾತು ಅಂತ ಬರೀರಿ," ಎಂದಳು. ಅಂಚಿನಲ್ಲಿ ಜಾಗ ಕಡಿಮೆಯಿತ್ತು. ಅಕ್ಷರವನ್ನು ಸಣ್ಣದು ಮಾಡಿ ಬರೆಯತೊಡಗಿದೆ.